ಎಕ್ಕೆ ಗಿಡದ ಲಗ್ನ

ಚಿಟ್ಟೆ ಬೇಕು, ಹುಳ ಬೇಡ. ನಮ್ಮ ಸೊಸೈಟಿಯವರ ಬೇಡಿಕೆ ಇಷ್ಟೇ ಇತ್ತು. ಮೊಮ್ಮಗ ಬೇಕು, ಸೊಸೆ ಬೇಡ ಅನ್ನುವ ಅತ್ತೆಯರನ್ನು ನಮ್ಮ ಬಳಗದಲ್ಲೇ ಕಂಡಿದ್ದ ನನಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಆದರೆ ಬಾಯಿಗೆ ಸಿಟ್ಟು ಬರುತ್ತಿತ್ತು.

ಬಾಯಿ ಅಂದರೆ ಎದುರಿನ ವಿಂಗಿನಲ್ಲಿದ್ದ ಮರಾಠಿ ಹೆಂಗಸು. ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಮರಾಠಿಯಲ್ಲಿ ಪಾಠ ಹೇಳುವ ಹೆಂಗಸನ್ನು ಗೌರವದಿಂದ ಬಾಯಿ ಎಂದು ಕರೆಯುತ್ತಾರೆ. ಆ ಶಬ್ದಕ್ಕೆ ಕನ್ನಡದಲ್ಲಿರುವ ಅರ್ಥವೂ ಅವರಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು. ಸೊಸೈಟಿಯ ಮೀಟಿಂಗಿನಲ್ಲಿ ಅವರು ಎದ್ದು ನಿಂತರೆ ಅಧ್ಯಕ್ಷರು ಚಹಾ ತರಿಸುತ್ತಿದ್ದರು, ಬೇಗ ಮುಗಿಯುವುದಿಲ್ಲ ಎಂದು ಗೊತ್ತಿದ್ದುದರಿಂದ.

ನಾವು ವಿಜಾಪುರದಿಂದ ಪುಣೆಗೆ ಬಂದು ಧನಕವಡಿಯ ಈ ಸೊಸೈಟಿಯಲ್ಲಿ ಮನೆ ಹಿಡಿದದ್ದು ತೊಂಬತ್ತರ ದಶಕದ ಮೊದಲಲ್ಲಿ. ಆಗ ಕಿಟಕಿ ತೆರೆದರೆ ಗುಡ್ಡ ಕಾಣುತ್ತಿತ್ತು. ದಶಕ ಮುಗಿಯುವಷ್ಟರಲ್ಲಿ ಗುಡ್ಡದ ಬುಡದ ತನಕ ಕಟ್ಟಡಗಳು ಎದ್ದಿದ್ದವು. ನಮ್ಮ ಕಂಪೌಂಡಿಗೂ ಹಿಂದಿನ ನಾಲಾಕ್ಕೂ ನಡುವೆ ಒಂದು ಉದ್ದನೆಯ ತುಂಡು ಜಾಗ ಮಾತ್ರ ಉಳಿದಿತ್ತು. ಬಿಲ್ಡರನು ಒಡೆದ ಇಟ್ಟಿಗೆ, ಗಟ್ಟಿಯಾದ ಸಿಮೆಂಟು ಎಲ್ಲವನ್ನೂ ಅಲ್ಲಿ ಸುರಿದು ಹೋಗಿದ್ದ. ಅಲ್ಲಿ ಚಿಟ್ಟೆಗಳಿಗೆ ತೋಟ ಮಾಡೋಣ ಅಂದವರು ಬಾಯಿ. ನಾನು ವಿಮಾ ಕಚೇರಿಯೊಂದರಲ್ಲಿ ಗುಮಾಸ್ತೆ. ದಿನವೆಲ್ಲ ಸತ್ತವರ ಕಾಗದಪತ್ರ ನೋಡುವವಳು ರಜೆಯ ದಿನವಾದರೂ ಜೀವವಿರುವುದನ್ನು ನೋಡೋಣ ಎಂದು ಸೇರಿಕೊಂಡೆ. ಇನ್ನೂ ಕೆಲವರು ಸೇರಿದರು. ನೀರು ಹಾಕಲು ಪಾಳಿ ಹಚ್ಚಿಕೊಂಡೆವು.

ಮೊದಲ ವರ್ಷ ನಾವು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ನರ್ಸರಿಗೆ ಹೋಗಿ ಕಣ್ಣಿಗೆ ಕಂಡ ಬಣ್ಣವನ್ನೆಲ್ಲ ತಂದು ನೆಟ್ಟೆವು. ಹೂವು ಬಿಟ್ಟವು. ಚಿಟ್ಟೆಗಳು ಬಂದವು, ಕುಡಿದವು, ಹೋದವು. ಆಗ ಬಾಯಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಪಾಠ ಹೇಳಿದರು. ಹೂವು ಅಂದರೆ ಅವಕ್ಕೆ ಹೋಟೆಲು. ಹೋಟೆಲಿನಲ್ಲಿ ಯಾರೂ ಬಾಣಂತನ ಮಾಡಿಸಿಕೊಳ್ಳುವುದಿಲ್ಲ, ಅದಕ್ಕೆ ತವರುಮನೆ ಬೇಕು. ಒಂದೊಂದು ಜಾತಿಯ ಚಿಟ್ಟೆಗೆ ಒಂದೊಂದು ಗಿಡವೇ ತವರು. ಅದೇ ಎಲೆಯ ಮೇಲೆ ಮೊಟ್ಟೆ, ಅದೇ ಎಲೆ ಹುಳುವಿಗೆ ಊಟ. ಆ ಗಿಡಗಳು ಈ ಮಣ್ಣಿನವೇ ಆಗಿರಬೇಕು, ನರ್ಸರಿಯ ಪರದೇಶಿ ಹೂವಿನ ಗಿಡ ಎಷ್ಟು ಚೆಂದವಿದ್ದರೂ ನಡೆಯದು.

ಹೀಗಾಗಿ ಎರಡನೆಯ ಮಳೆಗಾಲಕ್ಕೆ ಕರಿಬೇವು, ನಿಂಬೆ, ಕಕ್ಕೆ, ಒಣಗಿದ ಕಾಯಿ ಗೆಜ್ಜೆಯಂತೆ ಸದ್ದು ಮಾಡುವ ಗಿಲಿಗಿಚ್ಚಿ ಇವೆಲ್ಲ ಬಂದವು. ಕೆಲವನ್ನು ಗುಡ್ಡದಿಂದ ಬೀಜ ತಂದು ಬೆಳೆಸಿದೆವು. ಎಕ್ಕೆಯನ್ನು ಮಾತ್ರ ಯಾರೂ ತರಲಿಲ್ಲ. ಬಿಲ್ಡರನ ಇಟ್ಟಿಗೆ ರಾಶಿಯ ಸಂದಿಯಿಂದ ತಾನೇ ಎದ್ದಿತು. ಅದನ್ನು ಕೀಳಬೇಕು ಎಂದು ನಾನೇ ಹೇಳಿದೆ. ನಮ್ಮ ಕಡೆ ಎಕ್ಕೆ ಅಂದರೆ ಹಾಳುಬಿದ್ದ ಮನೆಯ ಗುರುತು. ಸಿಟ್ಟು ಬಂದರೆ ಹೆಂಗಸರು ನಿನ್ನ ಮನ್ಯಾಗ ಎಕ್ಕಿ ಹುಟ್ಲಿ ಎಂದು ಬೈಯುತ್ತಿದ್ದರು. ಬೈಗಳನ್ನು ನಾವೇ ನೀರು ಹಾಕಿ ಬೆಳೆಸುವುದು ನನಗೆ ಸರಿ ಕಾಣಲಿಲ್ಲ. ಬಾಯಿ ಒಪ್ಪಲಿಲ್ಲ. ಕೈಯಲ್ಲಿ ಸಲಿಕೆ ಹಿಡಿದಿದ್ದ ಮಾಲಿಗೂ ಗಿಡಕ್ಕೂ ನಡುವೆ ಬಂದು ನಿಂತುಬಿಟ್ಟರು. ಎರಡು ಮೂರು ವರ್ಷಗಳಲ್ಲಿ ಅದು ನನಗಿಂತ ಎತ್ತರವಾಯಿತು.

ಮರಾಠಿಯವರಿಗೆ ಅದು ರುಯಿ. ಅವರಿಗೆ ಅದರ ಬಗ್ಗೆ ನಮ್ಮ ಅಂಜಿಕೆ ಇರಲಿಲ್ಲ, ಭಕ್ತಿ ಇತ್ತು. ಶನಿವಾರ ಬೆಳಿಗ್ಗೆ ಮಾರುತಿಗೆ ರುಯಿ ಎಲೆಯ ಹಾರ ಹಾಕಬೇಕು. ಹೆಂಗಸರು ಬಂದು ಎಲೆ ಕೀಳುತ್ತಿದ್ದರು, ಎಲೆಯ ಹಿಂದೆ ಮೊಟ್ಟೆಯೋ ಹುಳುವೋ ಇದ್ದರೆ ಅದೂ ದೇವರ ಕೊರಳಿಗೆ ಹೋಗುತ್ತಿತ್ತು. ದೊಡ್ಡ ಜಗಳವಾಗಿ ಕೊನೆಗೆ ಬಾಯಿ ಪಾಲು ಮಾಡಿದರು. ಬಾಗಿಲ ಕಡೆಯ ಕೊಂಬೆಗಳು ಮಾರುತಿಗೆ, ನಾಲಾದ ಕಡೆಯವು ಹುಳಕ್ಕೆ. ಮಾರುತಿಯೂ ನನ್ನ ಹಾಗೆ ಒಂಟಿ ಜೀವ, ಇಷ್ಟರಲ್ಲಿ ಹೊಂದಿಸಿಕೊಳ್ಳುತ್ತಾನೆ ಎಂದರು. ಅವನು ಹೊಂದಿಸಿಕೊಂಡನೆಂದೇ ಕಾಣುತ್ತದೆ, ದೂರು ಬರಲಿಲ್ಲ.

ಎಕ್ಕೆಯ ಹುಳು ನೋಡಲು ಅಷ್ಟೇನೂ ಅಸಹ್ಯವಲ್ಲ. ಬಿಳಿ, ಕಪ್ಪು, ಹಳದಿ ಪಟ್ಟೆ, ಬೆನ್ನ ಮೇಲೆ ಕಪ್ಪು ಕೋಡಿನಂಥ ಎಳೆಗಳು. ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತೆಂದು ನಾವು ಅಂಜುವ ಎಕ್ಕೆಯ ಹಾಲನ್ನು ಅದು ಕುಡಿದು ದಪ್ಪಗಾಗುತ್ತದೆ. ಆಮೇಲೆ ಎಲೆಯ ಕೆಳಗೆ ತಲೆಕೆಳಗಾಗಿ ಜೋತು ಹಸಿರು ಕೋಶವಾಗುತ್ತದೆ, ಅದಕ್ಕೆ ಬಂಗಾರದ ಚುಕ್ಕೆ. ಹೊರಬರುವಾಗ ಕೇಸರಿ ರೆಕ್ಕೆಯ ಚಿಟ್ಟೆ. ನನ್ನ ಬೈಗಳಿನ ಗಿಡದಿಂದ ಇಂಥದ್ದು ಬಂತಲ್ಲ ಎಂದು ಮೊದಲ ಸಲ ನೋಡಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಬಾಯಿಯ ಎದುರು ಅದನ್ನು ಹೇಳಲಿಲ್ಲ, ಹೇಳಿದ್ದರೆ ಇನ್ನೊಂದು ಪಾಠ ಕೇಳಬೇಕಾಗುತ್ತಿತ್ತು.

ಎಕ್ಕೆ ಹೀಗೆ ತುಂಬಿ ನಿಂತಿದ್ದ ಕಾಲದಲ್ಲೇ ನಮ್ಮ ಕೆಳಗಿನ ಮನೆಯ ಅಂಗಡಿಯಾತನ ಮೂರನೆಯ ಮದುವೆಯ ಮಾತು ಬಂತು. ಆತ ಇಂಡಿ ಕಡೆಯವನು. ಕೊಂಢವಾದಲ್ಲಿ ಬಾಗಿಲಿನ ಕೀಲು, ಚಿಲಕ, ನಲ್ಲಿ ಮಾರುವ ಅಂಗಡಿ. ಎಲ್ಲೆಲ್ಲೂ ಮನೆ ಏಳುತ್ತಿದ್ದ ಆ ದಿನಗಳಲ್ಲಿ ವ್ಯಾಪಾರ ಚೆನ್ನಾಗಿತ್ತು. ಊರಿಗೆಲ್ಲ ಬಾಗಿಲು ಒದಗಿಸುವವನ ಮನೆಯಲ್ಲಿ ಬಾಗಿಲು ತೆರೆಯುವವರು ಇರಲಿಲ್ಲ. ಮೊದಲ ಹೆಂಡತಿ ಊರಲ್ಲಿದ್ದಾಗಲೇ ಕಾಮಾಲೆಯಿಂದ ತೀರಿಕೊಂಡಿದ್ದಳು. ಎರಡನೆಯವಳು ನನ್ನ ಗೆಳತಿ. ಸಂಜೆ ಮೆಟ್ಟಿಲ ಮೇಲೆ ಕೂತು ಶೇಂಗಾ ಸುಲಿಯುತ್ತ ಹರಟುತ್ತಿದ್ದೆವು. ಒಂದು ಮಳೆಗಾಲದಲ್ಲಿ ಜ್ವರ ಬಂದು ಆಸ್ಪತ್ರೆಗೆ ಹೋದವಳು ಮರಳಲಿಲ್ಲ. ಮಕ್ಕಳಿರಲಿಲ್ಲ.

ಗಂಡ ಸತ್ತರೆ ಹೆಂಗಸಿಗೆ ಗಂಡನ್ನ ನುಂಗಿದಾಕಿ ಎಂಬ ಬಿರುದು ಸಿಗುತ್ತದೆ. ಎರಡು ಹೆಂಡಿರು ಸತ್ತರೂ ಈತನಿಗೆ ಸಿಕ್ಕದ್ದು ಪಾಪ ಎಂಬ ಮಾತು ಮತ್ತು ಹೊಸ ಸಂಬಂಧ. ನನಗೆ ಆತನ ಮೇಲೆ ಸಿಟ್ಟಿತ್ತು ಎಂದು ನೇರವಾಗಿಯೇ ಹೇಳುತ್ತೇನೆ. ಆತನ ತಪ್ಪೇನೂ ಇರಲಿಲ್ಲ. ಗೆಳತಿ ಹೋದ ಸಿಟ್ಟು ಎಲ್ಲಾದರೂ ಕೂಡಬೇಕಲ್ಲ, ಆತನ ಮೇಲೆ ಕೂತಿತ್ತು.

ಹುಡುಗಿ ಅಕ್ಕಲಕೋಟೆ ಕಡೆಯ ಕನ್ನಡದವಳು. ಹುಡುಗಿ ಅನ್ನುವುದು ವಾಡಿಕೆಯ ಮಾತು, ಮೂವತ್ತೈದು ದಾಟಿತ್ತು. ಬಾಲವಾಡಿಯಲ್ಲಿ ಕಲಿಸುತ್ತಿದ್ದಳು. ಅವಳ ಅಣ್ಣ ಸಂಬಂಧಕ್ಕೆ ಒಪ್ಪಿದ, ಆದರೆ ಒಂದು ಕರಾರು ಹಾಕಿದ. ಮೂರನೆಯ ಮದುವೆ ಉಳಿಯುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಹಳೆಯದು. ಅದಕ್ಕೆ ಉಪಾಯವೂ ಅಷ್ಟೇ ಹಳೆಯದು. ಮೊದಲು ಎಕ್ಕೆ ಗಿಡಕ್ಕೆ ತಾಳಿ ಕಟ್ಟಿ ಅದನ್ನು ಮೂರನೆಯ ಹೆಂಡತಿ ಮಾಡಿಕೊಳ್ಳುವುದು, ಆಮೇಲೆ ಅದನ್ನು ಕಡಿದು ಹಾಕುವುದು. ಬರಬೇಕಾದ ಸಾವು ಗಿಡಕ್ಕೆ ಬಂದು ಹೋಗುತ್ತದೆ, ಹುಡುಗಿ ನಾಲ್ಕನೆಯವಳಾಗಿ ಸುಖವಾಗಿರುತ್ತಾಳೆ. ಇದಾಗದೆ ತಂಗಿಯನ್ನು ಕೊಡುವುದಿಲ್ಲ ಎಂದ ಅಣ್ಣ.

ಅಂಗಡಿಯಾತ ಒಂದು ಸಂಜೆ ನಮ್ಮ ಬಾಗಿಲಿಗೆ ಬಂದು ನಿಂತ. ಚಪ್ಪಲಿ ಬಿಡಲೋ ಬೇಡವೋ ಎಂಬಂತೆ ಒಂದು ಕಾಲಿನದನ್ನು ಮಾತ್ರ ಬಿಟ್ಟಿದ್ದ.

"ವೈನಿ, ಕಾತ್ರಜ ತನಕ ಹುಡುಕಿ ಬಂದೆ. ದೊಡ್ಡ ಎಕ್ಕಿ ಎಲ್ಲೂ ಉಳಿದಿಲ್ರಿ. ಎಲ್ಲಾ ಕಡೆ ಬಿಲ್ಡಿಂಗ್ ಆಗ್ಯಾವ. ನಿಮ್ಮ ತ್ವಾಟದಾಗಿನ ಗಿಡ..."

"ತ್ವಾಟ ನಂದಲ್ರಿ. ಬಾಯಿನ್ನ ಕೇಳ್ರಿ," ಅಂದೆ. ಬಾಯಿ ಆತನನ್ನು ಮೆಟ್ಟಿಲಿಂದ ಕೆಳಗಿಳಿಸಿ ಬಿಡುತ್ತಾರೆ, ಬೇಡ ಅನ್ನುವ ಕೆಲಸ ನನಗೆ ತಪ್ಪುತ್ತದೆ ಎಂಬುದು ನನ್ನ ಲೆಕ್ಕ.

ಸ್ವಲ್ಪ ಹೊತ್ತಿಗೆ ಆತ ನಗುತ್ತ ಮರಳಿ ಬಂದ.

"ಹೂಂ ಅಂದ್ರು ವೈನಿ! ಭಾಳ ಖುಷಿ ಆದ್ರು. ರವಿವಾರ ತಾವೂ ಬರ್ತಾರಂತ."

ನನಗೆ ನಂಬಲಾಗಲಿಲ್ಲ. ಗ್ರಹಣದ ಹೊತ್ತಿನಲ್ಲಿ ಬೇಕೆಂದೇ ಬಾಲ್ಕನಿಯಲ್ಲಿ ಕೂತು ಉಪ್ಪಿಟ್ಟು ತಿನ್ನುವ ಹೆಂಗಸು ಗಿಡದ ಮದುವೆಗೆ ಒಪ್ಪಿದರೇ? ವಯಸ್ಸಾದಂತೆ ಮನುಷ್ಯರು ಹೇಗೆ ಬದಲಾಗುತ್ತಾರೋ ಎಂದುಕೊಂಡೆ.

ರವಿವಾರ ಬೆಳಿಗ್ಗೆ ಕನ್ನಡದ ಭಟ್ಟರು ಬಂದರು. ಹುಡುಗಿಯ ಅಣ್ಣ ಹಿಂದಿನ ದಿನವೇ ಬಂದಿದ್ದ, ಕೈಯಲ್ಲಿ ಕಾಗದ ಸುತ್ತಿದ ಹೊಸ ಕುಡಗೋಲು ಇತ್ತು. ಹುಡುಗಿ ಬಂದಿರಲಿಲ್ಲ, ಬರುವ ಪದ್ಧತಿಯೂ ಇಲ್ಲ. ಅಂಗಡಿಯಾತ ಬಿಳಿ ಧೋತರ ಉಟ್ಟು, ಹಣೆಗೆ ಬಾಸಿಂಗ ಕಟ್ಟಿಕೊಂಡು, ನಲವತ್ತರ ಆಸುಪಾಸಿನ ಮದುಮಗ ಎಷ್ಟು ಸಂಕೋಚಪಡಬಹುದೋ ಅಷ್ಟು ಸಂಕೋಚದಿಂದ ಗಿಡದ ಎದುರು ನಿಂತಿದ್ದ. ಎಲ್ಲ ಬಾಲ್ಕನಿಗಳಲ್ಲೂ ಜನ ಇದ್ದರು. ಆಗ ಬಾಯಿ ಬಂದರು. ಕಾಲಲ್ಲಿ ಕ್ಯಾನ್ವಾಸ್ ಬೂಟು, ಒಂದು ಕೈಯಲ್ಲಿ ಸಲಿಕೆ, ಇನ್ನೊಂದು ಕೈಯಲ್ಲಿ ಬಕೆಟ್ ತುಂಬ ಗೊಬ್ಬರ.

"ಖಡ್ಡಾ ಕುಠೆ ಖಣಾಯಚಾ?" ಎಂದು ಕೇಳಿದರು. ಗುಂಡಿ ಎಲ್ಲಿ ತೋಡಬೇಕು ಎಂದು.

ಆಮೇಲೆ ಅವರಿಗೆ ಬಾಸಿಂಗ ಕಂಡಿತು.

ನಡೆದದ್ದು ಏನೆಂದರೆ, ಮರಾಠಿಯಲ್ಲಿ ಗಿಡವನ್ನೂ ಲಾವಾಯಚೆ, ಲಗ್ನವನ್ನೂ ಲಾವಾಯಚೆ. ನೆಡುವುದಕ್ಕೂ ಮದುವೆ ಮಾಡಿಸುವುದಕ್ಕೂ ಒಂದೇ ಕ್ರಿಯಾಪದ. ಅಂಗಡಿಯಾತನಿಗೆ ಮದುವೆಯಾಗದ ಹಿರಿಯ ಹೆಂಗಸಿನ ಎದುರು ಮೂರನೆಯ ಲಗ್ನ ಅನ್ನಲು ನಾಚಿಕೆಯಾಗಿ, ಲಗ್ನ ಎಂಬುದನ್ನು ನುಂಗಿ, ರುಯೀ ಲಾವಾಯಚೀ ಆಹೆ ಎಂದಷ್ಟೇ ಹೇಳಿದ್ದ. ರುಯಿ ನೆಡಬೇಕಾಗಿದೆ ಎಂದು ಬಾಯಿಗೆ ಕೇಳಿಸಿತು. ಇಷ್ಟು ವರ್ಷಗಳಲ್ಲಿ ತಾನಾಗಿಯೇ ಬಂದು ಒಂದು ಹುಳದ ಗಿಡ ನೆಡುತ್ತೇನೆ ಅಂದ ಮೊದಲ ಗಂಡಸು! ಲಾವಾ ಕೀ, ಅವಶ್ಯ ಲಾವಾ, ಖಂಡಿತ ನೆಡಿ ಎಂದು ಅವರು ಆಶೀರ್ವಾದ ಮಾಡಿ ಕಳಿಸಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಈತ ಸುಳ್ಳು ಹೇಳಿರಲಿಲ್ಲ, ಒಂದು ಶಬ್ದ ನುಂಗಿದ್ದ ಅಷ್ಟೇ.

ಎರಡೂ ಭಾಷೆ ಬರುವವಳು ಎಂದು ಬಿಡಿಸಿ ಹೇಳುವ ಕೆಲಸ ನನ್ನ ಕೊರಳಿಗೇ ಬಿತ್ತು. ನಾನು ಹೇಳಿದೆ. ಬಾಯಿ ಬಕೆಟ್ ಕೆಳಗಿಟ್ಟರು. ಅವರ ಮುಖ ಕೆಂಪಾಯಿತು, ಇನ್ನೇನು ಶುರುವಾಯಿತು ಅನ್ನುವಷ್ಟರಲ್ಲಿ ಭಟ್ಟರು ಹೊತ್ತು ಮೀರುತ್ತದೆಂದು ಅವಸರ ಮಾಡಿದರು.

"ಹೆಣ್ಣಿನ ಕಡೇವ್ರು ಯಾರದಾರ್ರಿ? ಕನ್ಯಾದಾನಕ್ಕ ಯಾರರೆ ಬೇಕಲ್ಲ."

ನಾನು ಅದನ್ನೂ ಮರಾಠಿಗೆ ತಿರುಗಿಸಿದೆ. ಬಾಯಿ ಗಿಡವನ್ನು ನೋಡಿದರು, ಮದುಮಗನನ್ನು ನೋಡಿದರು. ಆತ ತಲೆ ತಗ್ಗಿಸಿಕೊಂಡು ನಿಂತಿದ್ದ. ಯಾಕೋ ಏನೋ, ಅವರ ಸಿಟ್ಟು ಅರ್ಧ ದಾರಿಯಲ್ಲೇ ನಿಂತಿತು.

"ಮೀಚ," ಎಂದರು. ನಾನೇ.

ಹೆಂಗಸು ಒಬ್ಬಳೇ ಧಾರೆ ಎರೆಯುವಂತಿಲ್ಲ ಎಂದು ಭಟ್ಟರು ಗೊಣಗಿ, ಬಾಯಿಯ ಕೈಗೆ ನೀರಿನ ತಂಬಿಗೆ ಕೊಟ್ಟು, ಮಂತ್ರ ತಾವೇ ಹೇಳಿ ಮುಗಿಸಿದರು. ಗಿಡಕ್ಕೆ ಅರಿಶಿನ ಹಚ್ಚಿದರು, ಬಿಳಿ ನೂಲು ಸುತ್ತಿದರು, ಹಳದಿ ಕುಪ್ಪಸದ ಕಣ ಉಡಿಸಿದರು. ನಡುವೆ ಅಂತರಪಟ ಹಿಡಿದವಳು ನಾನೇ. ಅಕ್ಷತೆ ಬಿದ್ದಾಗ ಎಲೆಗಳ ಮೇಲೆ ಸಣ್ಣ ಸದ್ದಾಯಿತು. ಅಂಗಡಿಯಾತ ಕಾಂಡಕ್ಕೆ ತಾಳಿ ಕಟ್ಟಿದ. ಗಂಟು ಬೇಗ ಬೀಳಲಿಲ್ಲ. ಬಾಲ್ಕನಿಗಳಲ್ಲಿ ನಗುತ್ತಿದ್ದವರು ಆ ಹೊತ್ತಿಗೆ ನಗು ನಿಲ್ಲಿಸಿದ್ದರು.

ಅಣ್ಣ ಕಾಗದ ಬಿಚ್ಚಿ ಕುಡಗೋಲು ತೆಗೆದ. ಅದು ಯಾಕೆ ಎಂದು ಬಾಯಿ ನನ್ನನ್ನು ಕೇಳಿದರು. ಆ ಭಾಗವನ್ನು ನಾನು ಹೇಳದೆ ಉಳಿಸಿಕೊಂಡಿದ್ದೆ, ಈಗ ಹೇಳಿದೆ. ಕೇಳಿದ ಮೇಲೆ ಅವರು ಗಿಡದ ಹತ್ತಿರ ಹೋಗಿ ಎಲೆಗಳನ್ನು ಎತ್ತಿ ತೋರಿಸಿದರು, ಕೆಳಗೆ ಕೋಶಗಳು ಜೋತಿದ್ದವು. ಇವು ಒಡೆಯುವ ತನಕ ಕಾಯಿರಿ, ಆಮೇಲೆ ನಿಮ್ಮ ಶಾಸ್ತ್ರ ಮಾಡಿಕೊಳ್ಳಿ ಎಂದರು. ನಾನು ಹೇಳಿದೆ.

"ಲಗ್ನಾದ ದಿನಾನ ಕಡೀಬೇಕ್ರಿ, ನಮ್ಮ ಕಡೆ ಹಂಗs," ಎಂದ ಅಣ್ಣ. "ಹೌದಲ್ರಿ ಭಟ್ರ?"

"ಶಾಸ್ತ್ರದಾಗ ಕಡಿ ಅಂತ ಇಲ್ಲ, ರೂಢಿಯೊಳಗ ಅದ," ಎಂದು ಭಟ್ಟರು ಎರಡೂ ಕಡೆಗೆ ಒಂದೊಂದು ತುಂಡು ಹಾಕಿದರು.

ಅಣ್ಣ ಕುಡಗೋಲನ್ನು ಮದುಮಗನ ಕೈಗೆ ಕೊಟ್ಟ. ಆತ ತೆಗೆದುಕೊಂಡ. ಒಂದು ಕೈಯಿಂದ ಕಾಂಡ ಹಿಡಿದ. ಹಿಡಿದ ಕೈಯ ಕೆಳಗೇ ತಾಳಿ ಇತ್ತು. ಯಾವುದೋ ಎಲೆ ಮುರಿದಿದ್ದ ಕಡೆಯಿಂದ ಹಾಲು ಇಳಿದು ಅರಿಶಿನದ ಮೇಲೆ ಬಿಳಿ ಗೆರೆ ಮಾಡಿತ್ತು. ಆತ ಆ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿದ. ಆಮೇಲೆ ಕುಡಗೋಲನ್ನು ನೆಲದ ಮೇಲೆ ಇಟ್ಟ.

"ಆಗಂಗಿಲ್ರಿ."

"ಯಾಕ್ರಿ? ಗಿಡ ಅದು, ಗಿಡ!"

"ಗಿಡ ಅಂತ ಮೊದ್ಲ ಅಂದಿದ್ರ ಕಡೀತಿದ್ದೆ. ನೀವ ಹೆಂಡತಿ ಅಂದ್ರಿ, ತಾಳಿ ಕಟ್ಟಿಸಿದ್ರಿ. ಎರಡ ಸಲ ಕೊಳ್ಳಿ ಇಟ್ಟ ಕೈ ಇದು. ಅವರಿಬ್ರೂ ತಾವಾಗಿ ಹೋದ್ರು, ನಾ ಏನ್ ಮಾಡಾಂವಾ. ಇಕಿನ್ನ ನಾನs ಕಳಸಂದ್ರ ಹೆಂಗ ಕಳಸ್ಲಿ?"

"ಹಂಗಾದ್ರ ಈ ಸಂಬಂಧ ಇಲ್ಲಿಗೇ ಮುಗೀತು. ಜೀವಂತ ಸವತಿ ಮ್ಯಾಲೆ ನನ್ನ ತಂಗೀನ ಕೊಡೂದಿಲ್ಲ," ಎಂದ ಅಣ್ಣ.

"ಆತ್ರಿ," ಎಂದ ಅಂಗಡಿಯಾತ.

ಅಷ್ಟೇ. ಅಣ್ಣ ಚೀಲ ತೆಗೆದುಕೊಂಡು ಸ್ವಾರಗೇಟಿನ ಬಸ್ಸು ಹಿಡಿದ. ಭಟ್ಟರು ತೆಂಗಿನಕಾಯಿ ಕಟ್ಟಿಕೊಂಡರು. ಬಾಲ್ಕನಿಗಳು ಖಾಲಿಯಾದವು. ಅಂಗಡಿಯಾತ ಬಾಸಿಂಗ ಬಿಚ್ಚಿ ಇಟ್ಟಿಗೆಗಳ ಮೇಲೆ ಕೂತ. ಇಷ್ಟು ವರ್ಷ ಆತನ ಮೇಲೆ ಇಟ್ಟುಕೊಂಡಿದ್ದ ನನ್ನ ಸಿಟ್ಟು ಅಲ್ಲಿ ಇಳಿದುಹೋಯಿತು. ನನ್ನ ಗೆಳತಿಯ ಕೊನೆಯ ದಿನಗಳಲ್ಲಿ ಈತ ಆಸ್ಪತ್ರೆಯ ವರಾಂಡದಲ್ಲಿ ಹೀಗೆಯೇ ಕೂತಿದ್ದನೆಂದು ನೆನಪಾಗಿ ನನಗೆ ಅಳು ಬಂತು. ಮನೆಗೆ ಊಟಕ್ಕೆ ಬರ್ರಿ ಎಂದೆ. ಆತ ಬಂದ, ಎರಡು ರೊಟ್ಟಿ ತಿಂದ.

ಮುಂದಿನ ದಿನಗಳಲ್ಲಿ ಸೊಸೈಟಿಯಲ್ಲಿ ಆತನಿಗೆ ಎಕ್ಕಿ ಗಂಡ ಎಂದು ಹೆಸರು ಬಿತ್ತು. ಆತ ಎಂದಿನಂತೆ ಕೊಂಢವಾಕ್ಕೆ ಹೋಗಿ ಬರುತ್ತಿದ್ದ. ಬಾಯಿ ಆತನನ್ನು ಜಾವಯಿ, ಅಂದರೆ ಅಳಿಯ, ಎಂದು ಕರೆಯತೊಡಗಿದರು. ಮೊದಲು ಚೇಷ್ಟೆಗೆ, ಆಮೇಲೆ ಅಭ್ಯಾಸವಾಗಿ. ದೀಪಾವಳಿಗೆ ಅಳಿಯನಿಗೆಂದು ಸಿಹಿ ಕರಂಜಿ ಕರಿದು ಕಳಿಸಿದರು. ಕೋಶಗಳು ಒಂದೊಂದಾಗಿ ಒಡೆದವು. ಅಕ್ಕಲಕೋಟೆಯ ಮಾತನ್ನು ಯಾರೂ ಎತ್ತಲಿಲ್ಲ. ಆತನಿಗೆ ಇನ್ನು ಮದುವೆ ಇಲ್ಲ ಎಂದು ಎಲ್ಲರೂ ಅಂದುಕೊಂಡೆವು, ಆತನೂ ಅಂದುಕೊಂಡಿದ್ದ.

ದೀಪಾವಳಿ ಮುಗಿದ ಮೇಲೆ ಒಂದು ರಜೆಯ ದಿನ ನಮ್ಮ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಒಬ್ಬ ಹೆಂಗಸು, ತೆಳ್ಳಗೆ, ಕೈಯಲ್ಲಿ ವಾಯರ್ ಚೀಲ, ಬಸ್ಸಿನ ಧೂಳು ಇನ್ನೂ ಮುಖದ ಮೇಲಿತ್ತು.

"ಅಂತರಪಟ ಹಿಡದಾಕಿ ನೀವs ಏನ್ರಿ ಅಕ್ಕಾರ? ನಾ ಅಕ್ಕಲಕೋಟಿಂದ ಬಂದೀನಿ. ಅಣ್ಣಗ ಹೇಳಿಲ್ಲ. ಆ ಗಿಡ ಒಂಚೂರು ತೋರಸ್ರಿ."

ಒಳಗೆ ಕರೆದರೆ ಬರಲಿಲ್ಲ, ಗಿಡ ನೋಡಿಯೇ ನೀರು ಕುಡಿಯುತ್ತೇನೆ ಎಂದಳು. ಕರೆದುಕೊಂಡು ಹೋದೆ. ಹಳದಿ ಕಣ ಬಿಸಿಲಿಗೆ ಬಣ್ಣ ಕಳೆದುಕೊಂಡಿತ್ತು, ನೂಲು ಮಣ್ಣಾಗಿತ್ತು. ತಾಳಿ ಹಾಗೇ ಇತ್ತು. ಗಿಡದ ತುದಿಯಲ್ಲಿ ಹೂವು ಬಿಟ್ಟಿದ್ದವು, ನಾಲಾದ ಕಡೆಯ ಎಲೆಗಳನ್ನು ಹುಳುಗಳು ತಿಂದು ಜಾಳು ಜಾಳು ಮಾಡಿದ್ದವು. ಅವಳು ಸುತ್ತ ಒಂದು ಸಲ ನಡೆದು ನೋಡಿದಳು. ಹುಳ ಕಂಡು ಹಿಂದೆ ಸರಿಯಲಿಲ್ಲ.

"ನಿಮ್ಮ ಅಣ್ಣ ಸವತಿ ಮ್ಯಾಲೆ ಕೊಡೂದಿಲ್ಲ ಅಂದ ಹೋದ್ರಲ್ಲವಾ," ಎಂದೆ. ಕೇಳಬಾರದೆಂದುಕೊಂಡಿದ್ದೆ, ನಾಲಿಗೆ ತಡೆಯಲಿಲ್ಲ.

ಅವಳು ಕಾಂಡಕ್ಕೆ ಅಂಟಿದ್ದ ಒಣ ಎಲೆಯೊಂದನ್ನು ಬಿಡಿಸಿ ಕೆಳಗೆ ಹಾಕಿದಳು.

"ಸತ್ತ ಸವತ್ಯಾರಿಗೇ ನಾ ಅಂಜಿದ್ದೆ ರೀ ಅಕ್ಕಾರ. ಈ ಮನಿಗೆ ಬಂದವ್ರು ಯಾರೂ ಉಳ್ಯಂಗಿಲ್ಲ ಅಂತ ಊರೆಲ್ಲಾ ಅಂತಿತ್ತು. ಅಣ್ಣ ಬಂದು ಬೈಕೋತ ಹೇಳಿದಾಗ ಗೊತ್ತಾತು, ಒಬ್ಬಾಕಿ ಬದಕ್ಯಾಳ ಅಂತ. ಅದಕ್ಕs ಬಂದೆ."

ಆಮೇಲೆ, ಇದಕ್ಕೆ ನೀರು ಹಾಕುವ ಪಾಳಿ ಇವತ್ತು ಯಾರದು ಎಂದು ಕೇಳಿದಳು.